ಹೆಗ್ಗಣದ ಆಟ

ರಂಜಾನ್ ತಿಂಗಳಿಗೆ ಮೊದಲು ಮನೆಗೆ ಸುಣ್ಣ ಹೊಡೆಸುವುದು ಅಮ್ಮೀ ಬಿಡದೆ ನಡೆಸಿಕೊಂಡು ಬಂದ ಕ್ರಮ. 2025ರ ಫೆಬ್ರವರಿಯಲ್ಲಿ ನಾನು ಮಂಡ್ಯದಿಂದ ಮಳವಳ್ಳಿಗೆ ಹೋದದ್ದು ಅದಕ್ಕಾಗಿಯೇ. ಎಪ್ಪತ್ತು ದಾಟಿದ ಅಮ್ಮೀ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅಪ್ಪಣೆ ಕೊಡುತ್ತಿದ್ದರು. ನಾನು ಅಟ್ಟದ ಮೇಲಿನ ಸಾಮಾನನ್ನೆಲ್ಲ ಒಂದೊಂದಾಗಿ ಇಳಿಸುತ್ತಿದ್ದೆ. ಅಬ್ಬಾನ ಸೈಕಲ್ ಅಂಗಡಿಯ ತುಕ್ಕು ಹಿಡಿದ ಪಂಪು, ತಳ ಸವೆದ ತಾಮ್ರದ ದೇಗ, ನನ್ನ ಉರ್ದು ಶಾಲೆಯ ಒಡೆದ ಸ್ಲೇಟು. ಇವುಗಳ ಹಿಂದೆ, ಅಮ್ಮೀಯ ಹಳೆಯ ಓಢನಿಯಲ್ಲಿ ಗಂಟು ಕಟ್ಟಿದ್ದ ಒಂದು ಬೂದು ಬಣ್ಣದ ಪೆಟ್ಟಿಗೆ. ಗಂಟು ಬಿಚ್ಚುವ ಮೊದಲೇ ಅದೇನೆಂದು ನನಗೆ ಗೊತ್ತಾಯಿತು. ಅಮ್ಮೀಗೂ ಗೊತ್ತಾಯಿತು. ‘ಘೂಸ್ ಕಾ ಖೇಲ್’ ಎಂದು ನಕ್ಕರು. ಘೂಸ್ ಎಂದರೆ ನಮ್ಮ ಮನೆಮಾತಿನಲ್ಲಿ ಹೆಗ್ಗಣ.

ಆ ಪೆಟ್ಟಿಗೆ ಮನೆಗೆ ಬಂದದ್ದು 2001ರಲ್ಲಿ. ಅಮ್ಮೀಯ ತಮ್ಮ, ನಮ್ಮ ಮಾಮು, ಸೌದಿಯ ದಮ್ಮಾಮಿನಲ್ಲಿ ಒಂದು ಮನೆಯ ಡ್ರೈವರಾಗಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವಾಗ ಸಾಬೂನು, ಸೆಂಟು, ಖರ್ಜೂರ ತರುತ್ತಿದ್ದರು. ಆ ಸಲ ಇದನ್ನೂ ತಂದರು. ಅವರ ಯಜಮಾನರ ಮಕ್ಕಳಿಗೆ ಹೊಸ ಪ್ಲೇಸ್ಟೇಷನ್ 2 ಬಂದಿದ್ದರಿಂದ ಹಳೆಯದನ್ನು ಡ್ರೈವರನಿಗೆ ಕೊಟ್ಟಿದ್ದರು. ಎರಡು ರಿಮೋಟು (ನಾವು ಹಾಗೆಯೇ ಕರೆಯುತ್ತಿದ್ದುದು), ಬೆಂಕಿಪೊಟ್ಟಣದ ಅಗಲದ ಒಂದು ಮೆಮೊರಿ ಕಾರ್ಡು, ಅಡಿಭಾಗ ಕಪ್ಪಗೆ ಹೊಳೆಯುವ ಒಂದೇ ಒಂದು ಸಿ.ಡಿ. ಆಟ ಹೇಗೆಂದು ತಿಳಿಸುವ ಪುಸ್ತಕವಿರಲಿಲ್ಲ. ಈ ಯಂತ್ರ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಮಾರಾಟವಾಗಿದೆಯೆಂದು ಆಮೇಲೆ ಓದಿದೆ. ನಮ್ಮ ಬೀದಿಗೆ ಬಂದದ್ದು ಅದೊಂದೇ.

ಆಟದ ಹೆಸರು ಕ್ರ್ಯಾಶ್ ಟೀಮ್ ರೇಸಿಂಗ್. 1999ರಲ್ಲಿ ಅಮೆರಿಕದ ನಾಟಿ ಡಾಗ್ ಎಂಬ ಕಂಪೆನಿ ಮಾಡಿದ್ದು. ಕಾರ್ಟ್ ಎಂಬ ಪುಟ್ಟ ತೆರೆದ ಗಾಡಿಗಳಲ್ಲಿ ಕೂತ ಪ್ರಾಣಿಗಳು, ಹುಚ್ಚು ವಿಜ್ಞಾನಿಗಳು ಮೂರು ಸುತ್ತು ಓಡಿ ಪಂದ್ಯ ಕಟ್ಟುತ್ತಾರೆ. ದಾರಿಯಲ್ಲಿ ಸಿಗುವ ಪೆಟ್ಟಿಗೆ ಒಡೆದರೆ ಬಾಂಬೋ ಕ್ಷಿಪಣಿಯೋ ಸಿಗುತ್ತದೆ. ಹಿಂದೆ ಬಿದ್ದವನಿಗೆ ಬಲವಾದ ಆಯುಧ, ಮುಂದಿರುವವನಿಗೆ ಸಣ್ಣಪುಟ್ಟದ್ದು. ಕತೆಯ ನಾಯಕ ಕ್ರ್ಯಾಶ್ ಒಂದು ಬ್ಯಾಂಡಿಕೂಟ್. ಅದು ಆಸ್ಟ್ರೇಲಿಯಾದ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಬೇರೆಯೇ ಜಾತಿಯ ಪ್ರಾಣಿ. ಆದರೆ ಆ ಇಂಗ್ಲಿಷ್ ಪದ ಹೋದದ್ದು ನಮ್ಮ ಪಕ್ಕದ ತೆಲುಗಿನಿಂದ, ಪಂದಿಕೊಕ್ಕು ಎಂಬ ಹೆಗ್ಗಣದ ಹೆಸರಿನಿಂದ. ಮಂಡ್ಯದ ಗದ್ದೆಬದುಗಳನ್ನು ತೋಡಿ ರೈತರ ಹೊಟ್ಟೆ ಉರಿಸುವ ಜೀವಿ ಇಂಗ್ಲಿಷಿಗೆ ಹೋಗಿ, ಅಮೆರಿಕದಲ್ಲಿ ಕೆಂಪು ಶೂ ಹಾಕಿಕೊಂಡು, ದಮ್ಮಾಮ್ ಮೇಲಾಸಿ ಮಳವಳ್ಳಿಗೆ ಮರಳಿ ಬಂತು. ಇಂಗ್ಲಿಷ್ ಬಾರದ ಅಮ್ಮೀ ಪರದೆಯನ್ನು ಒಂದೇ ಸಲ ನೋಡಿ ಅದಕ್ಕೆ ಸರಿಯಾದ ಹೆಸರಿಟ್ಟಿದ್ದರು.

ಗಾಡಿ ನಮ್ಮ ಮನೆಗೆ ಹೊಸದಲ್ಲ. ದಾದಾ ಮದ್ದೂರು ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆಯುತ್ತಿದ್ದರು. ಅಬ್ಬಾನದು ಮಳವಳ್ಳಿಯಲ್ಲಿ ಸೈಕಲ್ ರಿಪೇರಿ. ಅಬ್ಬಾ ತೀರಿಕೊಂಡಾಗ ಅಣ್ಣನಿಗೆ ಹದಿನೈದು, ನನಗೆ ಹತ್ತು. ಉರ್ದು ಶಾಲೆಯ ಏಳನೆಯ ತರಗತಿ ಮುಗಿಸಿ ಅಂಗಡಿಯಲ್ಲಿ ಅಬ್ಬಾನಿಗೆ ಕೈಗೂಡಿಸುತ್ತಿದ್ದ ಅಣ್ಣ ಆಮೇಲೆ ಲಾರಿ ಟೈರಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದ. ನಾನು ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಹೋದೆ, ಅಲ್ಲಿಂದ ಕಾಲೇಜಿಗೆ. ಶುಲ್ಕ ಕಟ್ಟಿದ್ದು ಆ ಟೈರು.

ಪೆಟ್ಟಿಗೆ ಬಂದ ವರ್ಷ ನಾನು ಪಿ.ಯು.ಸಿ.ಯಲ್ಲಿದ್ದೆ. ಅಣ್ಣ ಎಂಟು ಗಂಟೆಗೆ ಬಂದು, ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ, ಮೇಲೆ ಸಾಬೂನು ಹಾಕಿ ತೊಳೆದು, ನನ್ನ ಪಕ್ಕ ಕೂರುತ್ತಿದ್ದ. ಕರೆಂಟ್ ಇದ್ದರೆ ಆಟ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಯವರೆಗೆ ಹೋಗಿತ್ತು. ನೂರು ವರ್ಷ ಕಳೆದ ಮೇಲೂ ಕೂಗಳತೆಯ ನಮ್ಮ ಬೀದಿಗೆ ರಾತ್ರಿ ಹೊತ್ತು ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೆಟ್ಟಿಗೆಗೂ ಒಂದು ಹಟವಿತ್ತು. ನೇರವಾಗಿ ಇಟ್ಟರೆ ಸಿ.ಡಿ. ಓದುತ್ತಿರಲಿಲ್ಲ, ತಲೆಕೆಳಗಾಗಿ ಮಲಗಿಸಬೇಕಿತ್ತು. ನಮ್ಮದಕ್ಕೆ ಮಾತ್ರ ಹಿಡಿದ ರೋಗ ಎಂದುಕೊಂಡಿದ್ದೆವು. ಆ ಕಾಲದ ಪ್ಲೇಸ್ಟೇಷನ್‌ಗಳಲ್ಲಿ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಸವೆದು ಲೇಸರ್ ವಾಲುತ್ತಿದ್ದುದರಿಂದ ಲೋಕದ ಮಕ್ಕಳೆಲ್ಲ ಹೀಗೆ ಬೋರಲು ಹಾಕಿಯೇ ಆಡಿದ್ದರಂತೆ.

ಇಬ್ಬರು ಆಡುವಾಗ ಟಿ.ವಿ. ಪರದೆ ಅಡ್ಡಲಾಗಿ ಎರಡು ಹೋಳಾಗುತ್ತದೆ. ಮೇಲಿನ ಅರ್ಧ ನನ್ನದು, ಕೆಳಗಿನದು ಅಣ್ಣನದು. ಈ ಹೋಳು ಮಾಡುವುದಕ್ಕೂ ಒಂದು ಕತೆಯಿದೆ. ಕಾರ್ಟ್ ಆಟಗಳಿಗೆ ಮೂಲವಾದದ್ದು 1992ರಲ್ಲಿ ಜಪಾನಿನ ನಿಂಟೆಂಡೊ ತಂದ ಸೂಪರ್ ಮಾರಿಯೊ ಕಾರ್ಟ್. ಅದಕ್ಕೆ ಮೊದಲು ಅವರಲ್ಲಿ ಎಫ್-ಝೀರೊ ಎಂಬ ವೇಗದ ಕಾರಿನ ಆಟವಿತ್ತು, ಒಬ್ಬರೇ ಆಡುವಂಥದ್ದು. ಅದನ್ನು ಇಬ್ಬರು ಪಕ್ಕಪಕ್ಕ ಕೂತು ಆಡುವಂತೆ ಮಾಡಲು ಹೊರಟಾಗ ಆ ಯಂತ್ರಕ್ಕೆ ಅರ್ಧರ್ಧ ಪರದೆಯಲ್ಲಿ ಅಷ್ಟು ವೇಗ, ಅಷ್ಟು ಉದ್ದದ ದಾರಿ ತೋರಿಸಲಾಗಲಿಲ್ಲ. ಹಾಗಾಗಿ ಗಾಡಿ ಚಿಕ್ಕದಾಯಿತು, ದಾರಿ ಸುರುಳಿಯಾಯಿತು. ಇನ್ನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂಬ ಆಸೆಗೆ ವೇಗವನ್ನು ಬಿಟ್ಟುಕೊಟ್ಟು ಹುಟ್ಟಿದ ಆಟ ಅದು.

ನಾನು ಗೆಲ್ಲುತ್ತಿದ್ದೆ. ದಿನವೂ ಅಲ್ಲ, ಹತ್ತು ಓಟದಲ್ಲಿ ಏಳೆಂಟು. ಮೂರನೆಯ ಸುತ್ತಿನವರೆಗೂ ಅಣ್ಣ ಬೆನ್ನಿಗಂಟಿಕೊಂಡೇ ಬರುತ್ತಿದ್ದ. ಕೊನೆಯ ತಿರುವಿನಲ್ಲಿ ನೀರಿಗೋ ಬಾಂಬಿಗೋ ಬೀಳುತ್ತಿದ್ದ. ಗುಂಪಾಗಿ ನೋಡುತ್ತಿದ್ದ ಬೀದಿಯ ಹುಡುಗರು ಹೋ ಎನ್ನುತ್ತಿದ್ದರು. ಅಣ್ಣ ‘ಥತ್’ ಎಂದು ರಿಮೋಟು ಕೆಳಗಿಡುತ್ತಿದ್ದ. ನಾನು ಎದ್ದು ಒಳಕೋಣೆಗೆ ಹೋಗಿ ಪುಸ್ತಕ ತೆಗೆಯುತ್ತಿದ್ದೆ. ಗೆದ್ದವನ ಗತ್ತಿನಲ್ಲಿ ಅರ್ಥಶಾಸ್ತ್ರವೂ ಸಲೀಸಾಗಿ ತಲೆಗೆ ಹೋಗುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಕೆಲವು ರಾತ್ರಿ ಗೋಡೆಯಾಚೆಯಿಂದ ಟಕ್ ಟಕ್ ಎಂದು ಗುಂಡಿ ಒತ್ತುವ ಸದ್ದು ಬರುತ್ತಿತ್ತು. ಟಿ.ವಿ.ಯ ದನಿ ಪೂರ್ತಿ ತಗ್ಗಿಸಿ ಅಣ್ಣ ಒಬ್ಬನೇ ಆಡುತ್ತಿದ್ದ. ನನ್ನನ್ನು ಸೋಲಿಸಲು ಕದ್ದು ಅಭ್ಯಾಸ ಮಾಡುತ್ತಿದ್ದಾನೆ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

2002ರ ಮಾರ್ಚಿನಲ್ಲಿ ಪರೀಕ್ಷೆ ಬರೆದೆ. ಒಳ್ಳೆಯ ಅಂಕ ಬಂದವು. ಜೂನ್ ಹೊತ್ತಿಗೆ ಡಿಗ್ರಿಗೆಂದು ಮಂಡ್ಯ ಸೇರಿದೆ. ಆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಾವೇರಿ ಚಳವಳಿ ಎದ್ದು ಜಿಲ್ಲೆಯೆಲ್ಲ ಮುಚ್ಚಿತು, ಬಸ್ಸಿಲ್ಲ, ಕಾಲೇಜಿಲ್ಲ. ಮುಖ್ಯಮಂತ್ರಿಯಾಗಿದ್ದ ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು ಬೆಂಗಳೂರಿನಿಂದ ಪಾದಯಾತ್ರೆ ಹೊರಟದ್ದು ಆಗಲೇ. ರಸ್ತೆಯಲ್ಲಿ ಸುಡಲು ಚಳವಳಿಯ ಹುಡುಗರು ಅಣ್ಣ ಕೆಲಸಕ್ಕಿದ್ದ ಅಂಗಡಿಗೆ ಬಂದು ಹಳೆಯ ಟೈರು ಕೇಳಿದರಂತೆ. ಅಣ್ಣ ಪೂರಾ ಸವೆದವನ್ನು ಆರಿಸಿ ಕೊಟ್ಟು, ‘ಇವು ಚೆನ್ನಾಗಿ ಉರೀತವೆ, ಒಳ್ಳೇವು ಬೇಡ’ ಎಂದನಂತೆ. ಮರುವರ್ಷ ಮದ್ದೂರಿನಲ್ಲಿ, ಶಿಂಷಾ ಸೇತುವೆಗೆ ಹತ್ತಿರ ಬೆಂಗಳೂರು–ಮೈಸೂರು ರಸ್ತೆಯಂಚಿಗೆ ಸ್ವಂತ ಪಂಕ್ಚರ್ ಅಂಗಡಿ ಹಾಕಿದ. ಮದುವೆಯಾಯಿತು. ಪೆಟ್ಟಿಗೆ ಅಟ್ಟ ಸೇರಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮೇಷ್ಟರಾಗಿ, ಕತೆ ಬರೆಯಲು ಹಿಡಿದು ನಾಲ್ಕೈದು ವರ್ಷವಾದ ಮೇಲೆ, 2009ರಲ್ಲಿ, ನಾನು ಅಣ್ಣತಮ್ಮಂದಿರ ಒಂದು ಕತೆ ಬರೆದೆ. ಓದುವ ತಮ್ಮ, ಓದದ ಅಣ್ಣ, ನಡುವೆ ಒಂದು ಆಟದ ಪೆಟ್ಟಿಗೆ. ಅಣ್ಣ ರಾತ್ರಿಯೆಲ್ಲ ಕದ್ದು ಅಭ್ಯಾಸ ಮಾಡಿದರೂ ಸೋಲುತ್ತಾನೆ. ಅಕ್ಷರ ಹಿಡಿಯದ ಕೈಗೆ ಆಟವೂ ಒಲಿಯುವುದಿಲ್ಲ. ಕೊನೆಗೆ ಹೊಟ್ಟೆಕಿಚ್ಚಿನಿಂದ ಪೆಟ್ಟಿಗೆಯನ್ನು ಕಲ್ಲಿಗೆ ಬಡಿದು ಒಡೆಯುತ್ತಾನೆ. ಒಂದು ವಿಶೇಷಾಂಕದ ಸ್ಪರ್ಧೆಯಲ್ಲಿ ಅದಕ್ಕೆ ಸಮಾಧಾನಕರ ಬಹುಮಾನ ಬಂತು. ಮನಸ್ಸಿನ ಆಳಕ್ಕಿಳಿಯುವ ಕತೆ ಎಂದು ಪತ್ರ ಬರೆದವರೂ ಇದ್ದರು. ಅಂಗಡಿಗೆ ಬರುತ್ತಿದ್ದ ಒಬ್ಬ ಮೇಷ್ಟರು ಅದನ್ನು ಅಣ್ಣನಿಗೆ ಓದಿ ಹೇಳಿದರಂತೆ. ಮುಂದಿನ ಸಲ ನಾನು ಹೋದಾಗ ಅಣ್ಣ, ‘ಕತೆ ಬಂದದಂತೆ’ ಎಂದು ಚಹಾ ತರಿಸಿದ. ‘ಪೆಟ್ಟಿಗೆ ಒಡೀಲಿಲ್ಲ ಕಣೋ ನಾನು, ಅಟ್ಟದ ಮೇಲೇ ಐತೆ’ ಎಂದ. ಅದು ಕತೆ, ಕತೆಯಲ್ಲಿ ಹಾಗೆ ಇರಬೇಕಾಗುತ್ತದೆ ಎಂದು ನಾನು ವಿವರಿಸಿದೆ. ಅಷ್ಟೆ.

2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಸಭೆಯಲ್ಲಿ ಜನಪ್ರತಿನಿಧಿಯೊಬ್ಬರು ಪಂಕ್ಚರ್ ಅಂಗಡಿಯವರನ್ನು ಅಕ್ಷರಗೇಡಿಗಳೆಂದು ಹಂಗಿಸಿದಾಗ ನನಗೆ ಬಹಳ ಸಿಟ್ಟು ಬಂದಿತ್ತು. ಎರಡು ದಿನ ಅದನ್ನೇ ಮಾತಾಡಿದೆ. ಅದೇ ಮಾತನ್ನು ಹತ್ತು ವರ್ಷ ಮೊದಲೇ ನಯವಾದ ಕನ್ನಡದಲ್ಲಿ ಬರೆದು ಬಹುಮಾನ ತೆಗೆದುಕೊಂಡವನು ನಾನು ಎಂಬುದು ಆಗ ಹೊಳೆದಿರಲಿಲ್ಲ. ಹೊಳೆದದ್ದು ಈ ಫೆಬ್ರವರಿಯಲ್ಲಿ.

ಪೆಟ್ಟಿಗೆಯನ್ನು ಮಂಡ್ಯದ ಮನೆಗೆ ತಂದೆ. ಹದಿನಾಲ್ಕು ವರ್ಷದ ಮಗನಿಗೆ ಅದೊಂದು ವಸ್ತುಸಂಗ್ರಹಾಲಯದ ಸಾಮಾನು. ಹಳದಿ, ಕೆಂಪು, ಬಿಳಿ ಪಿನ್ನಿನ ತಂತಿಯನ್ನು ಹೊಸ ಟಿ.ವಿ.ಗೆ ಸೇರಿಸುವುದಕ್ಕೇ ಅರ್ಧ ದಿನ ಹಿಡಿಯಿತು. ನೇರವಾಗಿಟ್ಟರೆ ಓದಲಿಲ್ಲ. ಬೋರಲು ಹಾಕಿದೆ, ಓದಿತು. ಇಪ್ಪತ್ತು ಮೂರು ವರ್ಷದ ನಂತರ ಆ ಸಂಗೀತ ಕೇಳಿ ನನ್ನ ಕೈಯ ರೋಮ ನಿಂತವು. ಮಗ ಚಿತ್ರಗಳ ಒರಟು ಅಂಚುಗಳನ್ನು ನೋಡಿ ಪಕಪಕ ನಕ್ಕ. ಇದೇ ಆಟವನ್ನು 2019ರಲ್ಲಿ ಬೀನಾಕ್ಸ್ ಎಂಬವರು ಪೂರಾ ಹೊಸದಾಗಿ ಮಾಡಿದ್ದಾರೆಂದು ತನ್ನ ಮೊಬೈಲಿನಲ್ಲಿ ತೋರಿಸಿದ. ನೀರು ನಿಜವಾದ ನೀರಿನಂತೆ ಹೊಳೆಯುತ್ತಿತ್ತು, ಎಲೆಗಳು ಅಲುಗುತ್ತಿದ್ದವು. ಚೆನ್ನಾಗಿದೆ ಎಂದೆ. ನನಗೆ ಬೇಕಾದದ್ದು ಅದಾಗಿರಲಿಲ್ಲ.

ನಾಯಕನಾಗಿದ್ದ ನಾನು ಮೊದಲ ಓಟದಲ್ಲಿ ಎಂಟನೆಯವನಾಗಿ ಬಂದೆ. ಇದ್ದದ್ದೇ ಎಂಟು ಗಾಡಿ. ಕೈ ಮರೆತಿದೆ ಎಂದುಕೊಂಡೆ. ಮಗ ಹತ್ತು ನಿಮಿಷ ಆಡಿ, ‘ಅಬ್ಬಾ, ಮೇಲಿನ ಗುಂಡಿ ಯಾಕೆ ಒತ್ತಲ್ಲ ನೀವು?’ ಎಂದ. ರಿಮೋಟಿನ ಹೆಗಲ ಮೇಲೆ ಗುಂಡಿಗಳಿವೆ. ಒಂದನ್ನು ಒತ್ತಿ ಹಿಡಿದರೆ ತಿರುವಿನಲ್ಲಿ ಗಾಡಿ ಅಡ್ಡಡ್ಡ ಜಾರುತ್ತದೆ. ಜಾರುತ್ತಿರುವಾಗ ಹೊಗೆಕೊಳವೆಯ ಹೊಗೆ ಕಪ್ಪಾಗುತ್ತದೆ. ಕಪ್ಪಾದ ಆ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಗುಂಡಿ ಒತ್ತಿದರೆ ಗಾಡಿ ಚಿಮ್ಮುತ್ತದೆ. ಒಂದು ಜಾರಿನಲ್ಲಿ ಮೂರು ಸಲ ಹೀಗೆ ಚಿಮ್ಮಿಸಬಹುದು. ಇಡೀ ಆಟ ನಿಂತಿರುವುದೇ ಇದರ ಮೇಲೆ. ವರ್ಷವಿಡೀ ಆಡಿದ ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿಲ್ಲದೆಯೇ ಹತ್ತರಲ್ಲಿ ಎಂಟು ಗೆಲ್ಲುತ್ತಿದ್ದೆ.

ಆಮೇಲೆ ಮಗ ಮೆಮೊರಿ ಕಾರ್ಡು ತೆರೆದ. ಅದರಲ್ಲಿ ಬ್ಯಾಟರಿಯಿಲ್ಲ, ಬರೆದದ್ದು ಕರೆಂಟಿಲ್ಲದೆಯೂ ಹಾಗೇ ಉಳಿಯುತ್ತದೆ. ನಾನೆಂದೂ ಒತ್ತದ ಒಂದು ಆಯ್ಕೆಯಲ್ಲಿ, ಒಬ್ಬರೇ ಸಮಯದ ಜೊತೆ ಓಡುವ ಪಂದ್ಯಗಳ ದಾಖಲೆ ಪಟ್ಟಿಯಿತ್ತು. ಮೊದಲನೆಯದು ಕಡಲತೀರದ ದಾರಿ. ಮೇಲಿನ ಸಾಲುಗಳಲ್ಲಿ ಒಂದೇ ಹೆಸರು, ಇಂಗ್ಲಿಷಿನ ನಾಲ್ಕು ಅಕ್ಷರ: ಅಣ್ಣನದು. ಎರಡನೆಯ ದಾರಿಯಲ್ಲೂ ಅದೇ. ಮಂಜಿನ ದಾರಿ, ಗಣಿಯ ದಾರಿ, ಪಿರಮಿಡ್ಡಿನ ದಾರಿ, ಎಲ್ಲದರಲ್ಲೂ ಅದೇ ನಾಲ್ಕು ಅಕ್ಷರ. ಅಣ್ಣ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬ್ಯಾಂಕಿನಲ್ಲೂ ಉರ್ದುವಿನಲ್ಲೇ ಸಹಿ ಹಾಕುತ್ತಾನೆ.

ಮೂರು ದಿನ ಶಾಲೆಯಿಂದ ಬಂದವನೇ ಕೂತೆ. ಜಾರುವುದನ್ನು ಕಲಿತೆ. ಕಡಲತೀರದ ದಾರಿಯಲ್ಲಿ ನನ್ನ ಅತಿ ಒಳ್ಳೆಯ ಓಟ ಅಣ್ಣನ ಸಮಯಕ್ಕಿಂತ ಹನ್ನೊಂದು ಸೆಕೆಂಡು ಹಿಂದಿತ್ತು. ಮಗನದು ಆರು ಸೆಕೆಂಡು ಹಿಂದೆ. ಕಾರ್ಟ್ ಆಟದಲ್ಲಿ ಹನ್ನೊಂದು ಸೆಕೆಂಡು ಎಂದರೆ ಎದುರಾಳಿಯ ಬೆನ್ನೂ ಕಾಣುವುದಿಲ್ಲ. ‘ದೊಡ್ಡಪ್ಪ ನಿಮ್ಮ ಜೊತೆ ಆಡುವಾಗ ಜಾರುತ್ತಿರಲಿಲ್ಲವಾ?’ ಎಂದು ಮಗ ಕೇಳಿದ. ಗೊತ್ತಿಲ್ಲ ಎಂದೆ. ‘ಒಂದೇ ಪರದೆ ಅಲ್ಲವಾ, ಕೆಳಗೆ ಕಾಣುತ್ತಲ್ಲ’ ಎಂದ. ನಾನು ಕೆಳಗಿನ ಅರ್ಧವನ್ನು ಒಂದು ದಿನವೂ ನೋಡಿರಲಿಲ್ಲ.

ಭಾನುವಾರ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಮದ್ದೂರಿಗೆ ಹೊರಟೆ. ಮಂಡ್ಯ ಬಿಟ್ಟ ಮೇಲೆ ಪಕ್ಕದಲ್ಲೇ ಹೊಸ ದಶಪಥ. 2023ರ ಮಾರ್ಚ್ 12ರಂದು ಇದೇ ದಾರಿಯ ಗೆಜ್ಜಲಗೆರೆಯಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಮೂರು ಗಂಟೆಯ ಬೆಂಗಳೂರು–ಮೈಸೂರು ದಾರಿ ಎಪ್ಪತ್ತೈದು ನಿಮಿಷಕ್ಕಿಳಿಯಿತು ಎಂದು ಆಗ ಹೇಳಿದ್ದು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥಕ್ಕೆ ಸ್ಕೂಟರು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ನಮ್ಮಂಥವರು ಪಕ್ಕದ ರಸ್ತೆ, ಹಳೆಯ ರಸ್ತೆ ಹಿಡಿದು ಹೋಗುತ್ತೇವೆ. ಆಟದ ಖಳನಾಯಕ ಬೇರೆ ಗ್ರಹದಿಂದ ಬಂದವನು. ತಾನು ಗೆದ್ದರೆ ಭೂಮಿಗೆಲ್ಲ ಕಾಂಕ್ರೀಟು ಸುರಿದು ವಾಹನ ನಿಲ್ಲಿಸುವ ಮೈದಾನ ಮಾಡುತ್ತೇನೆ ಎಂದು ಬೆದರಿಸುತ್ತಾನೆ. ಅವನಿಗೆ ನಮ್ಮ ಕಡೆ ಒಳ್ಳೆಯ ಗುತ್ತಿಗೆ ಸಿಗುತ್ತಿತ್ತು ಎಂದು ನಗುತ್ತ ಹೋದೆ. ಹಳೆಯ ರಸ್ತೆಯಂಚಿನ ಎಳನೀರು, ಹೋಟೆಲು, ಗ್ಯಾರೇಜುಗಳನ್ನು ನೋಡುತ್ತ ನಗು ನಿಂತಿತು. ದಾರಿಹೋಕರನ್ನು ನಂಬಿದ ಅಂಗಡಿಗಳಿಗೆ ದಾರಿಹೋಕರೇ ಇಲ್ಲ. ಅಣ್ಣನ ಅಂಗಡಿಯಲ್ಲಿ ಮೊದಲು ಇಬ್ಬರು ಹುಡುಗರಿದ್ದರು. ಈಗ ಅಣ್ಣ ಒಬ್ಬನೇ.

ಬೋರಲಾಗಿಟ್ಟ ಪೆಟ್ಟಿಗೆ ನೋಡಿ ಅಣ್ಣ ಬಹಳ ಹೊತ್ತು ಏನೂ ಹೇಳಲಿಲ್ಲ. ಕ್ರಿಕೆಟ್ ನೋಡಲು ಇಟ್ಟುಕೊಂಡಿರುವ ಹಳೆಯ ದಪ್ಪ ಟಿ.ವಿ.ಗೆ ಅದು ತಕರಾರಿಲ್ಲದೆ ಕೂಡಿಕೊಂಡಿತು. ನಾನು ದಾಖಲೆ ಪಟ್ಟಿ ತೆರೆದು ತೋರಿಸಿದೆ.

‘ಇದು ಯಾವಾಗ ಮಾಡಿದ್ದು ಭಾಯಿಜಾನ್?’

‘ನೀನು ಓದ್ಕೋವಾಗ.’

‘ಹೆಸರು?’

‘ಟೈರಿನ ಮೇಲೆ ಇಂಗ್ಲಿಷ್ ಅಕ್ಷರ ಇರಲ್ವಾ. ನೋಡಿ ನೋಡಿ ಕಲ್ತೆ.’

ಜಾರುವುದನ್ನು ಯಾರು ಹೇಳಿಕೊಟ್ಟರು ಎಂದೆ. ಅಣ್ಣನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ‘ಹೊಗೆ ಕಪ್ಪಾಯ್ತು ಅಂದ್ರೆ ಎಂಜಿನ್ನು ಏನೋ ಹೇಳ್ತಾ ಐತೆ ಅಂತ ತಾನೆ? ಕಪ್ಪಾದಾಗ ಒಂದೊಂದು ಗುಂಡಿ ಒತ್ತಿ ನೋಡ್ದೆ. ಒಂದು ಹಿಡೀತು.’ ಆ ಹೊಗೆಯನ್ನು ನಾನೂ ನೋಡಿದ್ದೆ. ನನಗೆ ಅದು ಬರಿಯ ಚಿತ್ರವಾಗಿತ್ತು.

ಇನ್ನು ಕೇಳದೆ ಇರಲಾಗಲಿಲ್ಲ. ‘ಮತ್ತೆ ನನ್ನ ಹತ್ತಿರ ಯಾಕೆ ಸೋಲುತ್ತಿದ್ದೆ?’

ಅಣ್ಣ ರಿಮೋಟಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸುತ್ತಿದ್ದ. ‘ನೀನು ಸೋತ್ರೆ ಎದ್ದು ಹೋಗ್ತಿರಲಿಲ್ಲ ಕಣೋ. ಇನ್ನೊಂದು, ಇನ್ನೊಂದು ಅಂತ ಕೂತ್ಕೋತಿದ್ದೆ. ಗೆದ್ರೆ ಪುಸ್ತಕ ಹಿಡೀತಿದ್ದೆ. ಪರೀಕ್ಷೆ ಇತ್ತಲ್ಲ.’

ಆ ಕತೆಯ ಮಾತು ತೆಗೆಯಬೇಕೆಂದೇ ನಾನು ಹೋಗಿದ್ದೆ. ಸ್ಕೂಟರಿನಲ್ಲಿ ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ‘ಭಾಯಿಜಾನ್, ಆ ಕತೆ...’ ಎಂದು ಶುರು ಮಾಡಿದೆ. ‘ಜಾನ್ದೇ ರೇ’ ಎಂದ ಅಣ್ಣ, ಹೋಗಲಿ ಬಿಡೋ ಎಂಬಂತೆ. ಮೇಲಿನ ಅರ್ಧವನ್ನು ತೋರಿಸಿ ‘ಅದು ನಿಂದು’ ಎಂದ.

ಮೊದಲ ಓಟದಲ್ಲಿ ಐವತ್ತರ ಆಚೀಚೆಯ ಆ ಬೆರಳುಗಳು ಒಂದೆರಡು ತಿರುವು ತಡವರಿಸಿದವು. ಆಮೇಲೆ ಹೊಗೆ ಕಪ್ಪಾಯಿತು, ಟಕ್, ಕಪ್ಪಾಯಿತು, ಟಕ್, ಕಪ್ಪಾಯಿತು, ಟಕ್. ಗೋಡೆಯಾಚೆ ಕೇಳಿದ್ದ ಅದೇ ಸದ್ದು. ನಾನು ಎರಡನೆಯ ಸುತ್ತು ಮುಗಿಸುವಷ್ಟರಲ್ಲಿ ಅಣ್ಣ ಮೂರನೆಯದರ ಅರ್ಧ ದಾಟಿದ್ದ. ಗೆದ್ದು, ‘ಥತ್, ಕೈ ಕೆಟ್ಟೋಗದೆ’ ಎಂದ.

ಎರಡನೆಯ ಓಟದಲ್ಲಿ ನಾನು ಕೆಳಗಿನ ಅರ್ಧವನ್ನೇ ನೋಡುತ್ತಿದ್ದೆ. ಹಾಗಾಗಿ ಕೊನೆಯ ತಿರುವಿಗೆ ಸ್ವಲ್ಪ ಮೊದಲು ಅಣ್ಣನ ಹೆಬ್ಬೆರಳು ಗುಂಡಿಯಿಂದ ಮೇಲೆದ್ದದ್ದೂ ಅವನ ಗಾಡಿ ನಿಧಾನವಾದದ್ದೂ ಕಂಡಿತು.

‘ಬೇಡ ಭಾಯಿಜಾನ್’ ಎಂದೆ.

‘ಏನು ಬೇಡ? ಪಂಕ್ಚರ್ ಆಗದೆ’ ಎಂದ.

ನಾನೂ ಬೆರಳು ತೆಗೆದೆ. ಎರಡು ಗಾಡಿಗಳೂ ಗೆರೆಗೆ ಈಚೆ ನಿಂತವು. ಕಂಪ್ಯೂಟರಿನ ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿಕೊಂಡು ಹೋದವು. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಅದರ ಟ್ರೇಲರಿನ ಒಂದು ಚಕ್ರ ನೆಲ ಹಿಡಿದಿತ್ತು. ಅಣ್ಣ ರಿಮೋಟನ್ನು ಕೆಳಗಿಟ್ಟು ಜಾಕು ಹುಡುಕುತ್ತ ಎದ್ದ. ‘ಆಫ್ ಮಾಡಬೇಡ, ಬಂದೆ’ ಎಂದ.